ಕೈಯಲ್ಲಿ ಹಿಡಿಯುವ ಸೋಲಾರ್ ಮೀಟರ್: ಪ್ಯಾನೆಲ್ ತಪಾಸಣೆಗೆ ಸೈ, ಹವಾಮಾನ ದಾಖಲೆಗೆ ಸಾಲದು

ಸಿಲಿಕಾನ್ ಸೆಲ್ ಇರುವ ಈ ಪುಟ್ಟ ಮೀಟರ್ ತೋರಿಸುವುದು ಆ ಕ್ಷಣದ ಬಿಸಿಲಿನ ತೀವ್ರತೆಯನ್ನು, ಅಂದರೆ ಚದರ ಮೀಟರಿಗೆ ಎಷ್ಟು ವಾಟ್ ಬೀಳುತ್ತಿದೆ ಎಂಬುದನ್ನು. ದಿನವಿಡೀ ಬಿದ್ದ ಶಕ್ತಿಯ ಲೆಕ್ಕ ಕಿಲೋವಾಟ್-ಅವರ್‌ನಲ್ಲಿ. ಡೇಟಾ ದಾಖಲಿಸದ ಮಾದರಿಯಲ್ಲಿ ಅದು ಸಿಗದು.

ಹಿಡಿಯುವ ಕೋನವೇ ಎಲ್ಲ. ಸೆನ್ಸರನ್ನು ಪ್ಯಾನೆಲ್ ಚೌಕಟ್ಟಿಗೆ ತಾಗಿಸಿ, ಅದೇ ಇಳಿಜಾರಿನಲ್ಲಿಡಿ. ಬಿಸಿಲು ನೆಟ್ಟಗೆ ಬೀಳುವಾಗ 5 ಡಿಗ್ರಿ ವಾಲಿದರೆ ನಷ್ಟ 0.4% ಮಾತ್ರ. 45 ಡಿಗ್ರಿ ಓರೆಯಾಗಿ ಬೀಳುವಾಗ ಅದೇ 5 ಡಿಗ್ರಿ ಇನ್ನಷ್ಟು ಓರೆಯಾದರೆ ನೇರ ಬಿಸಿಲಿನ ಅಳತೆ ಸುಮಾರು 9% ಕುಸಿಯುತ್ತದೆ. ಅಳೆಯುವವರ ನೆರಳೂ ಬೀಳಬಾರದು.

ಪ್ಯಾನೆಲ್ಲಿನ ಮೇಲೆ ಬರೆದ ವಾಟ್ ಲೆಕ್ಕ ಚದರ ಮೀಟರಿಗೆ 1000 ವಾಟ್ ಬಿಸಿಲು, 25 ಡಿಗ್ರಿ ಸೆಲ್ ತಾಪಕ್ಕೆ ಮಾತ್ರ. ಹಾಗೆಂದು ಮೀಟರ್ 800 ತೋರಿಸಿದರೆ 400 ವಾಟ್ ಪ್ಯಾನೆಲ್ಲಿನಿಂದ 320 ನಿರೀಕ್ಷಿಸಬೇಡಿ. ಸೆಲ್ ತಾಪ 55 ಡಿಗ್ರಿ ಇದ್ದರೆ, 25ರ ಮೇಲಿನ ಪ್ರತಿ ಡಿಗ್ರಿಗೆ 0.35% ಕಳೆದು, ಸುಮಾರು 286 ವಾಟ್ ಬಂದರೆ ಪ್ಯಾನೆಲ್ ಆರೋಗ್ಯವಾಗಿದೆ. ಮೋಡದಂಚಿನಿಂದ ಚದುರಿ ಬರುವ ಬೆಳಕೂ ಸೇರಿ ಅಳತೆ ಕ್ಷಣಕಾಲ 1000 ದಾಟಬಹುದು. ಅದು ಮೀಟರಿನ ದೋಷವಲ್ಲ.

ಸಿಲಿಕಾನ್ ಸುಮಾರು 1100 ನ್ಯಾನೋಮೀಟರ್ ತರಂಗಾಂತರದ ಆಚೆಗಿನ ಅತಿಗೆಂಪು ಕಿರಣಗಳನ್ನು ಕಾಣದು. ಬಿಸಿಲಿನ ಕಾವಿನಿಂದ ತೀವ್ರತೆ ಅಳೆಯುವ ಥರ್ಮೋಪೈಲ್ ಪೈರನೋಮೀಟರ್ ಸುಮಾರು 2800ರವರೆಗೂ ಅಳೆಯುತ್ತದೆ, ಆದರೆ ನಿಧಾನ, ದುಬಾರಿ. ಸಿಲಿಕಾನ್ ಪ್ಯಾನೆಲ್ ಪರೀಕ್ಷೆಗೆ ಈ ಮಿತಿ ತೊಡಕೇ ಅಲ್ಲ, ಮೀಟರ್, ಪ್ಯಾನೆಲ್ ಎರಡೂ ಒಂದೇ ಬೆಳಕನ್ನು ಬಳಸುತ್ತವೆ. ಹವಾಮಾನ ಕೇಂದ್ರಕ್ಕಾದರೆ ಐಎಸ್‌ಒ 9060 ಎಂಬ ಅಂತರರಾಷ್ಟ್ರೀಯ ಮಾನದಂಡದ ದರ್ಜೆಯ ಪೈರನೋಮೀಟರನ್ನೇ ಕೊಳ್ಳಿ.

ಕ್ಯಾಲಿಬ್ರೇಷನ್ (ಅಳತೆಯನ್ನು ತಾಳೆ ನೋಡಿದ) ಪ್ರಮಾಣಪತ್ರವಿಲ್ಲದ ಮೀಟರ್ ಎಷ್ಟೇ ಅಗ್ಗವಾದರೂ ಬೇಡ. ಸೆನ್ಸರ್ ಮೇಲಿನ ದೂಳನ್ನು ಪ್ರತಿ ಅಳತೆಗೂ ಮುಂಚೆ ಮೆತ್ತನೆಯ ಬಟ್ಟೆಯಿಂದ ಒರೆಸಿ.