ಎಂಟು ವರ್ಷ, 1,28,000 ಕಿ.ಮೀ.: ನನ್ನ ವಿ-ಕ್ರಾಸ್‌ಗೆ ಹಾಕಿದ್ದು, ಆಮೇಲೆ ಬಿಚ್ಚಿದ್ದು

ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ, ನಡುವೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸು. ಮನೆಯಿಂದ ಡಾಂಬರು ರಸ್ತೆಗೆ ಒಂದೂವರೆ ಕಿಲೋಮೀಟರ್ ಕೆಮ್ಮಣ್ಣಿನ ದಾರಿ. ಬೇಸಿಗೆಯಲ್ಲಿ ಯಾವ ಕಾರಾದರೂ ಬರುತ್ತದೆ. ಜೂನ್ ಹತ್ತಿರ ಬಂತೆಂದರೆ ಮುಗಿಯಿತು. ಹಾಗಾಗಿ 2017ರಲ್ಲಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್ ತೆಗೆದುಕೊಂಡೆ. 2.5 ಲೀಟರ್ ಡೀಸೆಲ್ ಎಂಜಿನ್, 320 ಎನ್‌ಎಂ ಟಾರ್ಕ್, ಐದು ಗೇರ್. ಗುಂಡಿ ತಿರುಗಿಸಿದರೆ ಫೋರ್ ವೀಲ್ ಡ್ರೈವ್. ವಾರದಲ್ಲಿ ಆರು ದಿನ ಗೊಬ್ಬರ, ಕಾಫಿ ಮೂಟೆ. ಏಳನೇ ದಿನ ಊರು ಸುತ್ತಾಟ. ಇದು ಲೆಕ್ಕ.

ಎಂಟು ವರ್ಷದಲ್ಲಿ ಈ ಗಾಡಿಯ ಮೇಲೆ ಮೇಲ್ಖರ್ಚು ಅಂತ ಹೆಚ್ಚುಕಡಿಮೆ ಐದೂವರೆ ಲಕ್ಷ ಸುರಿದಿದ್ದೇನೆ. ಅದರಲ್ಲಿ ಮೂರು ಲಕ್ಷದ ಸಾಮಾನು ಈಗ ಗಾಡಿಯಲ್ಲಿ ಇಲ್ಲ. ಕೆಲವು ಅರ್ಧ ಬೆಲೆಗೆ ಹೋದವು, ಸ್ನಾರ್ಕೆಲ್ (ನೀರಿಗೆ ಇಳಿದಾಗ ಎಂಜಿನ್‌ಗೆ ಮೇಲಿನಿಂದ ಗಾಳಿ ಕೊಡುವ ಕೊಳವೆ) ಇನ್ನೂ ಕಾಫಿ ಗೋಡೌನಿನ ಮೂಲೆಯಲ್ಲಿದೆ. ಗಾಡಿಯ ಬಗ್ಗೆ ನನಗೆ ದೂರಿಲ್ಲ. ಇಲ್ಲಿ ಬರೆಯುತ್ತಿರುವುದು ನನ್ನ ಪೆದ್ದುತನದ ಬಗ್ಗೆ.

ಮೊದಲು ಟಯರ್. ಗಾಡಿ ಜೊತೆ ಬಂದದ್ದು 245/70 ಆರ್16, ಅಂದರೆ ಅಗಲ 245 ಮಿ.ಮೀ., ಪಕ್ಕದ ಎತ್ತರ ಅದರ ಶೇಕಡಾ 70, ರಿಮ್ 16 ಇಂಚು. ರಸ್ತೆಗೆ ಒಳ್ಳೆಯ ಟಯರ್, ಕೆಸರಿಗೆ ಅಲ್ಲ. ಮೊದಲ ಮಳೆಗಾಲ ಮುಗಿಯುತ್ತಲೇ ಹಟಕ್ಕೆ ಬಿದ್ದು ದೊಡ್ಡ ದೊಡ್ಡ ಕಟ್ಟೆಯ ಮಡ್ ಟಯರ್ ಹಾಕಿಸಿದೆ. ನೋಡಲು ಭರ್ಜರಿ. ಆದರೆ ಡಾಂಬರಿನ ಮೇಲೆ ಗಿರಣಿ ಸದ್ದು. ಚಾರ್ಮಾಡಿ ಘಾಟಿಯಲ್ಲಿ ಮಳೆ ಬರುವಾಗ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುವ ಮೊದಲು ಒಂದು ಕ್ಷಣ ಯೋಚನೆ ಮಾಡುತ್ತಿತ್ತು. ಆ ಕ್ಷಣದಲ್ಲಿ ನನ್ನ ಕೈಕಾಲು ತಣ್ಣಗಾಗುತ್ತಿತ್ತು. 18,000 ಕಿ.ಮೀ. ಓಡಿಸಿ ಮಾರಿಬಿಟ್ಟೆ.

ಆಮೇಲೆ ಹಾಕಿಸಿದ್ದು ಡಾಂಬರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟಯರ್, 245/75 ಆರ್16. ಸ್ಟೆಪ್ನಿ ಸೇರಿ ಐದಕ್ಕೆ ಸುಮಾರು 70,000 ರೂಪಾಯಿ. ಐದೂವರೆ ಲಕ್ಷದಲ್ಲಿ ಕಣ್ಣುಮುಚ್ಚಿ ಮತ್ತೆ ಕೊಡಬಲ್ಲೆ ಅನ್ನುವ ದುಡ್ಡು ಇದೊಂದೇ. ಈಗ ಓಡುತ್ತಿರುವುದು ಇದೇ ಅಳತೆಯ ಎರಡನೇ ಸೆಟ್.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಹಳೆ ಟಯರಿನ ವ್ಯಾಸ 749 ಮಿ.ಮೀ., ಹೊಸದರದ್ದು 774. ಅಂದರೆ ಗಾಡಿ ನೆಲದಿಂದ ಮೇಲೆದ್ದದ್ದು ಬರೀ 12 ಮಿ.ಮೀ. ಅಂಗಡಿಯವರು 'ಒಂದು ಇಂಚು ಏರುತ್ತೆ ಸಾರ್' ಅಂದಿದ್ದರು. ವ್ಯಾಸ ಒಂದು ಇಂಚು ಹೆಚ್ಚಿದರೆ ಆಕ್ಸಲ್ ಏರುವುದು ಅರ್ಧ ಇಂಚು ಮಾತ್ರ, ಅಲ್ವಾ? ಇನ್ನೊಂದು ವಿಷಯ. ಚಕ್ರ ದೊಡ್ಡದಾದರೆ ಮೀಟರ್ ಕಡಿಮೆ ತೋರಿಸುತ್ತದೆ. ಮೀಟರಿನಲ್ಲಿ 1,000 ಕಿ.ಮೀ. ಆದಾಗ ಗಾಡಿ 1,033 ಓಡಿರುತ್ತದೆ. ಮೊದಲು ಲೀಟರಿಗೆ 12 ಕೊಡುತ್ತಿದ್ದದ್ದು ಹೊಸ ಟಯರಿನಲ್ಲಿ 10.5ಕ್ಕೆ ಇಳಿಯಿತು ಅಂತ ಗೋಳಾಡಿದ್ದೆ. ಸರಿಯಾಗಿ ಗುಣಿಸಿದರೆ 10.8. ಕಡಿಮೆ ಆದದ್ದು ನಿಜ. ನಾನು ಗೋಳಾಡಿದಷ್ಟು ಅಲ್ಲ.

ಟಯರಿಗಿಂತಲೂ ದೊಡ್ಡ ಪಾಠ ಗಾಳಿಯದು. ರಸ್ತೆಯಲ್ಲಿ ನಾನು 33 ಪಿಎಸ್‌ಐ ಇಡುತ್ತೇನೆ. ಕೆಸರಿಗೆ ಇಳಿಯುವ ಮೊದಲು 22ಕ್ಕೆ ಇಳಿಸುತ್ತೇನೆ. ಟಯರ್ ಸ್ವಲ್ಪ ಮಲಗಿ ನೆಲ ಹಿಡಿಯುತ್ತದೆ, ಕಲ್ಲಿನ ಮೇಲೆ ಕುಣಿತವೂ ಕಡಿಮೆ. ಇದಕ್ಕೆ ಬೇಕಾದ್ದು ಗಾಳಿ ನೋಡುವ ಒಂದು ಮೀಟರ್, ಬ್ಯಾಟರಿಗೆ ಸಿಕ್ಕಿಸುವ ಒಂದು ಕಂಪ್ರೆಸರ್. ಎರಡೂ ಸೇರಿ ಆರು ಸಾವಿರ. ಈ ಆರು ಸಾವಿರವನ್ನು ಮೊದಲೇ ಖರ್ಚು ಮಾಡಿದ್ದರೆ ಮಡ್ ಟಯರಿನ ಆಸೆಯೇ ಹುಟ್ಟುತ್ತಿರಲಿಲ್ಲವೇನೋ. ಡಾಂಬರು ಸಿಕ್ಕ ಕೂಡಲೇ ಮತ್ತೆ ಗಾಳಿ ತುಂಬಬೇಕು, ಅದು ಬೇಜಾರಿನ ಕೆಲಸ. ಒಂದು ಟಯರಿಗೆ ನಾಲ್ಕೈದು ನಿಮಿಷ. ಮಳೆಯಲ್ಲಿ ಕೂತು ತುಂಬುವಾಗ ಕಾಲಿಗೆ ಜಿಗಣೆ ಬೇರೆ.

ಇಷ್ಟಾದರೂ ಜುಲೈ ತಿಂಗಳ ನಮ್ಮ ಏರು ಬೇರೆಯೇ ಕತೆ. ಸೋನೆ ಹಿಡಿದು ವಾರವಾದ ಮೇಲೆ ಕೆಮ್ಮಣ್ಣು ಸೋಪಿನ ಹಾಗೆ ಆಗುತ್ತದೆ. ಟಯರಿನ ಸಂದಿನಲ್ಲಿ ಮಣ್ಣು ತುಂಬಿಕೊಂಡರೆ ಆಲ್ ಟೆರೇನೂ ಒಂದೇ, ಬೋಳು ಟಯರೂ ಒಂದೇ. 2019ರ ಆಗಸ್ಟ್ ಯಾರು ಮರೆಯುತ್ತಾರೆ? ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದ ಮಳೆ ಅದು. ಆ ವಾರ ನನ್ನ ಗಾಡಿ ನಮ್ಮದೇ ಏರಿನ ಅರ್ಧದಲ್ಲಿ ಅಡ್ಡ ತಿರುಗಿ ಚರಂಡಿಗೆ ಹಿಂದಿನ ಚಕ್ರ ಇಳಿಸಿ ನಿಂತಿತು. ಪಕ್ಕದ ತೋಟದ ಹಳೆ ಜೀಪ್ ಅದೇ ದಾರಿಯಲ್ಲಿ ಗೊರಗೊರ ಅನ್ನುತ್ತಾ ಹತ್ತಿ ಬಂತು. ಡ್ರೈವರ್ ಇಳಿದು, ಬೀಡಿ ಹಚ್ಚಿ, ನನ್ನ ಗಾಡಿಗೆ ಒಂದು ಸುತ್ತು ಬಂದ. ಮುಂದಿನ ಕಬ್ಬಿಣದ ಬಂಪರ್ ನೋಡಿದ. ಹಗ್ಗ ಸುತ್ತಿ ಗಾಡಿ ಎಳೆಯುವ ಮೋಟಾರು, ಅದೇ ವಿಂಚ್, ನೋಡಿದ. ಮೇಲಿನ ಲೈಟ್ ನೋಡಿದ.

"ಗೌಡ್ರೆ, ಇಷ್ಟೆಲ್ಲ ಹಾಕ್ಸಿದೀರಿ. ಒಂದು ಜೊತೆ ಚೈನ್ ಇಲ್ವಾ?"

ಇರಲಿಲ್ಲ. ಮಲೆನಾಡಿನ ಜೀಪಿನವರು ಮಳೆಗಾಲದಲ್ಲಿ ಚಕ್ರಕ್ಕೆ ಚೈನ್ ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ದುಡ್ಡು ಕೊಟ್ಟು ತರುವ ವಸ್ತುಗಳ ಗುಂಗಿನಲ್ಲಿ ಅದು ತಲೆಗೇ ಬಂದಿರಲಿಲ್ಲ. ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ಚೈನ್ ಗಾಡಿಯಲ್ಲೇ ಇರುತ್ತದೆ. ಹಿಂದಿನ ಎರಡು ಚಕ್ರಕ್ಕೆ ಕಟ್ಟಿ, ನಾಲ್ಕು ಮೂಟೆ ಗೊಬ್ಬರವನ್ನು ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಇಟ್ಟು, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರ್) ಹಾಕಿ, ನಡೆಯುವ ವೇಗದಲ್ಲಿ ಹತ್ತುತ್ತೇನೆ. ಪಿಕಪ್‌ನ ಹಿಂಭಾಗ ಖಾಲಿ ಇದ್ದರೆ ತೀರಾ ಹಗುರ. ಅಲ್ಲಿ 200 ಕೆ.ಜಿ. ಕೂತರೆ ಹಿಡಿತವೇ ಬೇರೆ. ಚೈನ್ ಸಡಿಲ ಇರಬಾರದು, ಇದ್ದರೆ ಬ್ರೇಕ್ ಪೈಪಿಗೆ ಬಡಿಯುತ್ತದೆ. ಕಟ್ಟಿ ಹತ್ತು ಮಾರು ಓಡಿಸಿ ಮತ್ತೆ ಬಿಗಿ ಮಾಡಬೇಕು. ಡಾಂಬರು ಬಂದ ಕೂಡಲೇ ಬಿಚ್ಚಬೇಕು. ಫೋರ್ ವೀಲ್ ಕೂಡ ಅಷ್ಟೇ. ಈ ಗಾಡಿಯಲ್ಲಿ ಮುಂದಿನ ಹಿಂದಿನ ಶಾಫ್ಟ್ ನಡುವೆ ಡಿಫರೆನ್ಷಿಯಲ್ (ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಇಲ್ಲ. ಒಣ ಡಾಂಬರಿನಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆದರೆ ಒಳಗೆಲ್ಲ ಬಿಗಿದುಕೊಳ್ಳುತ್ತದೆ.

ಬಂಪರ್, ವಿಂಚ್ ವಿಷಯಕ್ಕೆ ಬರುತ್ತೇನೆ. ಎರಡೂ ಸೇರಿ 90 ಕೆ.ಜಿ.ಗಿಂತ ಜಾಸ್ತಿ. ಅದೂ ಮುಂದಿನ ಚಕ್ರಕ್ಕಿಂತ ಮುಂದೆ ನೇತಾಡುವ ಭಾರ. ಗಾಡಿಯ ಮೂಗು ಬಗ್ಗಿತು. ಅದನ್ನು ಎತ್ತಲು ಗಟ್ಟಿ ಸ್ಪ್ರಿಂಗ್. ಸ್ಪ್ರಿಂಗ್ ಎತ್ತಿದ್ದಕ್ಕೆ ಮುಂದಿನ ಡ್ರೈವ್ ಶಾಫ್ಟಿನ ಕೋನ ಹೆಚ್ಚಾಗಿ ಅದರ ಕೀಲಿನ ರಬ್ಬರ್ ಹೊದಿಕೆ ಎರಡು ವರ್ಷದಲ್ಲೇ ಹರಿಯಿತು. ಒಂದು ತಪ್ಪನ್ನು ಮುಚ್ಚಲು ಇನ್ನೊಂದು ಖರ್ಚು. 9,500 ಪೌಂಡಿನ ವಿಂಚ್, ಅಂದರೆ 4,300 ಕೆ.ಜಿ. ಎಳೆಯುವ ತಾಕತ್ತು ಅನ್ನುತ್ತಾರೆ. ಆ ತಾಕತ್ತು ಡ್ರಮ್ಮಿನ ಮೇಲೆ ಹಗ್ಗದ ಕೊನೆಯ ಸುತ್ತು ಮಾತ್ರ ಉಳಿದಾಗ. ಹಗ್ಗ ಪೂರ್ತಿ ಸುತ್ತಿಕೊಂಡಿದ್ದರೆ ಎಳೆತ ಎಷ್ಟೋ ಕಡಿಮೆ.

ಮೂರು ವರ್ಷದಲ್ಲಿ ವಿಂಚ್ ಬಳಸಿದ್ದು ಐದು ಸಲ. ನನ್ನ ಗಾಡಿ ಎಳೆಯಲು ಒಂದು ಸಲ. ಉಳಿದ ನಾಲ್ಕು ಸಲ ರಸ್ತೆಗೆ ಬಿದ್ದ ಮರ ಎಳೆಯಲು. ಮರ ಎಳೆಯುವುದರಲ್ಲಿ ಮಾತ್ರ ಅದು ರಾಜ, ಒಪ್ಪುತ್ತೇನೆ. ಮಳೆಗಾಲದಲ್ಲಿ ವಾರಕ್ಕೊಂದು ಸಿಲ್ವರ್ ಓಕ್ ಬೀಳುವ ಊರಿನವರು ಇಟ್ಟುಕೊಂಡರೆ ನಾನು ಬೇಡ ಅನ್ನುವುದಿಲ್ಲ. ನನಗೆ ಈಗ ಕೈಯಲ್ಲಿ ಎಳೆಯುವ ಸಣ್ಣ ವಿಂಚ್, ಒಂದು ಗಟ್ಟಿ ಹಗ್ಗ, ಒಂದು ಗುದ್ದಲಿ ಸಾಕು.

ಕಾನೂನಿನ ಮಾತೂ ಇದೆ. ಇಂಥ ಕಬ್ಬಿಣದ ಗಾರ್ಡ್‌ಗಳು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಕಂಪನಿ ಕೊಟ್ಟ ಮೂಲ ರೂಪ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ನಾನು ಬಂಪರ್ ಹಾಕಿಸಿದ್ದು 2018ರಲ್ಲಿ. ಹಾಕಿದ ಅಂಗಡಿಯವರು ಇದರ ಸುದ್ದಿಯನ್ನೇ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ಡಿಕ್ಕಿಯಾದಾಗ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳಬೇಕಲ್ಲ, ಗಟ್ಟಿ ಕಬ್ಬಿಣ ಅದಕ್ಕೆ ಅಡ್ಡ ಬರಬಹುದು. ಇದು ತಿಳಿದ ಮೇಲೆ ಹೆಂಡತಿ, ಮಗಳನ್ನು ಕೂರಿಸಿಕೊಂಡು ಹೋಗಲು ಮನಸ್ಸು ಬರಲಿಲ್ಲ. 2021ರಲ್ಲಿ ಬಿಚ್ಚಿಸಿದೆ. ಮೂಗು ತಾನಾಗಿಯೇ ಎರಡು ಬೆರಳು ಎದ್ದಿತು!

ಸಸ್ಪೆನ್ಷನ್ನಿನಲ್ಲಿ ನನ್ನ ತಪ್ಪು ಇನ್ನೂ ಸರಳ. "ಎಷ್ಟು ಲೋಡ್ ಹಾಕ್ತೀರಿ?" ಅಂತ ಕೇಳಿದಾಗ ಜಂಬಕ್ಕೆ "ಯಾವಾಗಲೂ ಫುಲ್" ಅಂದೆ. ಅದಕ್ಕೆ ತಕ್ಕ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟ್) ಹಾಕಿದರು. ಕೊಯ್ಲಿನ ಮೂರು ತಿಂಗಳು ಸೊಗಸು. ಉಳಿದ ಒಂಬತ್ತು ತಿಂಗಳು ಖಾಲಿ ಗಾಡಿ ಕಪ್ಪೆ ಹಾಗೆ ಕುಪ್ಪಳಿಸುತ್ತಿತ್ತು. ಧರ್ಮಸ್ಥಳಕ್ಕೆ ಹೋಗಿ ಬಂದ ಅಮ್ಮ, ಮುಂದಿನ ಸಲ ಬಸ್ಸಿಗೇ ಹೋಗ್ತೀನಿ ಅಂದರು. ಪ್ರತಿ ಕಡೆ ಒಂದೊಂದು ಪ್ಲೇಟ್ ತೆಗೆಸಿ, ಒಳ್ಳೆಯ ಗ್ಯಾಸ್ ಶಾಕ್ ಅಬ್ಸಾರ್ಬರ್ ಹಾಕಿಸಿದ ಮೇಲೆ ಅಮ್ಮ ಮತ್ತೆ ಹತ್ತಿದರು. ಶಾಕ್ ಅಬ್ಸಾರ್ಬರ್ ಖರ್ಚು ಸಾರ್ಥಕ. ಎತ್ತರಿಸುವ ಹುಚ್ಚು ಬೇಡ.

ಸ್ನಾರ್ಕೆಲ್‌ಗೆ ಬಾಗಿಲ ಮುಂದಿನ ತಗಡಿನಲ್ಲಿ ತೂತು ಕೊರೆದರು. ಈಗ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ನಮ್ಮ ಹಳ್ಳಗಳಲ್ಲಿ ನೀರು ಬಾನೆಟ್ ಮಟ್ಟಕ್ಕೆ ಬಂದಿದ್ದರೆ ಬುದ್ಧಿ ಇರುವವನು ಇಳಿಯುವುದಿಲ್ಲ. ಎಂಜಿನ್‌ಗಿಂತ ಮೊದಲು ನೀರು ಕುಡಿಯುವುದು ಆಕ್ಸಲ್. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಗಾಳಿ ಆಡುವ ಸಣ್ಣ ತೂತು, ಅಂದರೆ ಬ್ರೀದರ್, ಮುಚ್ಚಿದ್ದರೆ ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ನನ್ನದು ಕೆಸರು ಮೆತ್ತಿ ಮುಚ್ಚಿತ್ತು, ನಾನು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಒಂದು ಸರ್ವಿಸಿನಲ್ಲಿ ಡಿಫರೆನ್ಷಿಯಲ್ ಆಯಿಲ್ ಬಿಚ್ಚಿದರೆ ಹಾಲು ಹಾಕಿದ ಕಾಫಿ ಬಣ್ಣ. ಬ್ರೀದರಿಗೆ ಒಂದು ರಬ್ಬರ್ ನಳಿಕೆ ಸಿಕ್ಕಿಸಿ ಮೇಲಕ್ಕೆ ತಂದು ಕಟ್ಟಿಸಿದೆ. ಖರ್ಚು ಎಂಟುನೂರು ರೂಪಾಯಿ. ಆಮೇಲೆ ಆಯಿಲ್ ಕೆಟ್ಟಿಲ್ಲ.

ಹಿಂದಿನ ಫೈಬರ್ ಮುಚ್ಚಳ ಪಾಪ ಒಳ್ಳೆಯದೇ ಇತ್ತು. ಮೂಟೆ ನೆನೆಯುತ್ತಿರಲಿಲ್ಲ. ಆದರೆ ಮೆಣಸು ಕೊಯ್ಯುವ ಏಣಿ ಎಲ್ಲಿ ಇಡುವುದು? ಮಾರಿದೆ, ಟಾರ್ಪಾಲ್ ಹೊದಿಸುತ್ತೇನೆ. ಮೇಲಿನ ಎಲ್ಇಡಿ ಪಟ್ಟಿ ಮಂಜಿನಲ್ಲಿ ಬಿಳಿ ಗೋಡೆ ಕಟ್ಟಿ ನಮ್ಮ ಕಣ್ಣನ್ನೇ ಕುಕ್ಕುತ್ತದೆ, ಎದುರು ಬರುವವರ ಶಾಪ ಬೇರೆ. ತೆಗೆದೆ. ಕೆಳಗೆ ಇರುವ ಹಳದಿ ಫಾಗ್ ಲ್ಯಾಂಪ್ ಸಾಕು. ಎಂಜಿನ್ ತಾಕತ್ತು ಹೆಚ್ಚಿಸುವ ಡಬ್ಬಿಯನ್ನು ಸದ್ಯ ಹಾಕಿಸಲಿಲ್ಲ. ಈ ಡೀಸೆಲ್‌ಗೆ ನಮ್ಮ ಏರಿನಲ್ಲಿ ತಾಕತ್ತು ಯಾವತ್ತೂ ಕಡಿಮೆ ಬಿದ್ದಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ, ಇಷ್ಟೆಲ್ಲ ಬಿಚ್ಚಿದ ಮೇಲೆ, ಗೆಳೆಯನ ಜೊತೆ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿ ಬಂದೆ. ಮನಾಲಿಯಿಂದ ಗ್ರಾಂಫು, ಬಾತಲ್, ಕುಂಜುಮ್ ಪಾಸ್ ದಾಟಿ ಕಾಜಾ. ಗ್ರಾಂಫು ದಾಟಿದ ಮೇಲಿನದನ್ನು ರಸ್ತೆ ಅನ್ನುವುದು ಔದಾರ್ಯ. ಬರೀ ಗುಂಡುಕಲ್ಲು, ನಡುನಡುವೆ ಹರಿಯುವ ಹಳ್ಳ. ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರುತ್ತದೆ, ಅದಕ್ಕೇ ಬೆಳಗ್ಗೆ ಬೇಗ ದಾಟಿದೆವು. ಕುಂಜುಮ್ 4,500 ಮೀಟರಿಗಿಂತ ಎತ್ತರ. ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಅಲ್ಲಿ ಟಯರ್ ತಾನಾಗಿಯೇ ಉಬ್ಬುತ್ತದೆ. ಚಳಿ ಸ್ವಲ್ಪ ಇಳಿಸಿದರೂ ಮೀಟರ್ ಹೆಚ್ಚೇ ತೋರಿಸಿತು. ಇಳಿಸಿಕೊಂಡು ಓಡಿಸಿದೆವು. 76 ಲೀಟರಿನ ಟ್ಯಾಂಕ್ ಇರುವುದರಿಂದ ಡಬ್ಬಿಯಲ್ಲಿ ಡೀಸೆಲ್ ಹೊರುವ ಅಗತ್ಯ ಬೀಳಲಿಲ್ಲ, ಕಾಜಾದಲ್ಲಿ ಬಂಕ್ ಇದೆ. ಇಡೀ ಪ್ರವಾಸದಲ್ಲಿ ಒಂದು ಟಯರಿನ ಪಕ್ಕ ಕಲ್ಲಿಗೆ ಸೀಳಿತು. ಸ್ಟೆಪ್ನಿಯೂ ಅದೇ ಅಳತೆಯದಾಗಿದ್ದು ಒಳ್ಳೆಯದಾಯಿತು. ವಿಂಚ್ ನೆನಪಾಗಲಿಲ್ಲ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಡೀಸೆಲ್ ಫಿಲ್ಟರಿನ ನೀರು ಬಿಡುತ್ತೇನೆ. ಕೊಯ್ಲಿನ ಧೂಳಿನಲ್ಲಿ ಏರ್ ಫಿಲ್ಟರ್ ಬೇಗ ಬದಲಿಸುತ್ತೇನೆ. ಕ್ಲಚ್ ಒಂದು ಸಲ ಬದಲಾಗಿದೆ, 96,000ಕ್ಕೆ. ಕೆಸರಿನಲ್ಲಿ ಕ್ಲಚ್ ಅರ್ಧ ಒತ್ತಿಹಿಡಿದು ಒದ್ದಾಡಿದ್ದು ನಾನೇ.

ಈಗಿನ ಟಯರಿನಲ್ಲಿ ನಾಲ್ಕು ಮಿ.ಮೀ. ಕಟ್ಟೆ ಉಳಿದಿದೆ. ಮೇ ತಿಂಗಳಲ್ಲಿ ಅದೇ ಅಳತೆಯದನ್ನೇ ಹಾಕಿಸಬೇಕು. ಚೈನಿನ ಎರಡು ಕೊಂಡಿ ಸವೆದಿವೆ, ಪಕ್ಕದ ತೋಟದ ಡ್ರೈವರಣ್ಣ ಬೆಸುಗೆ ಹಾಕಿಸಿಕೊಡುತ್ತೇನೆ ಅಂತ ನಿನ್ನೆ ತೆಗೆದುಕೊಂಡು ಹೋದ.