ಡಿವಿಆರಾ, ಎನ್‌ವಿಆರಾ, ಇಲ್ಲಾ ಬರೀ ವೈಫೈ ಕ್ಯಾಮೆರಾ ಸಾಕಾ?

ಗುರು, ಮನೆಗೆ ನಾಲ್ಕು ಸಿಸಿಟಿವಿ ಕ್ಯಾಮೆರಾ ಹಾಕಿಸ್ಬೇಕು ಅಂದ್ಯಲ್ಲ, ಡಿವಿಆರ್, ಎನ್‌ವಿಆರ್ ಎರಡೂ ಅದರ ವಿಡಿಯೋ ರೆಕಾರ್ಡ್ ಮಾಡೋ ಡಬ್ಬಾಗಳು. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗೋ ಮುಂಚೆ ಗೋಡೆಲಿ ಹಳೇ ಕೋಆಕ್ಸಿಯಲ್ ಕೇಬಲ್ (ಟೀವಿ ಕೇಬಲ್ ಥರದ್ದು) ಇದ್ಯಾ ನೋಡ್ಕೋ. ಇದ್ರೆ ಡಿವಿಆರೇ ಅಗ್ಗ, ಸುಮ್ನೆ ಗೋಡೆ ಕೊರೆಸ್ಬೇಡ.

ಹೊಸದಾಗಿ ವೈರಿಂಗ್ ಮಾಡಿಸ್ತಿದ್ರೆ ನಾನಾದ್ರೆ ಪಿಓಇ (ನೆಟ್‌ವರ್ಕ್ ಕೇಬಲಲ್ಲೇ ಕರೆಂಟ್ ಕೊಡೋದು) ಇರೋ ಎನ್‌ವಿಆರ್ ತಗೋತೀನಿ. ಡಿವಿಆರಲ್ಲಿ ವಿಡಿಯೋ ಕಂಪ್ರೆಸ್ ಮಾಡೋದು ಡಬ್ಬಾನೇ, ಎನ್‌ವಿಆರಲ್ಲಿ ಆ ಕೆಲ್ಸ ಕ್ಯಾಮೆರಾನೇ ಮಾಡಿ ಕಳ್ಸತ್ತೆ, ಒಂದೇ ಕ್ಯಾಟ್ 6 ನೆಟ್‌ವರ್ಕ್ ಕೇಬಲಲ್ಲಿ ಕರೆಂಟೂ ಡೇಟಾನೂ, 100 ಮೀಟರ್‌ವರೆಗೂ ಎಳೀಬೋದು. ಮಳೆ ಬಂದು ಕರೆಂಟ್ ಹೋಯ್ತು ಅನ್ಕೋ, ಎನ್‌ವಿಆರಿಗೆ ಒಂದು ಯುಪಿಎಸ್ ಇದ್ರೆ ಎಲ್ಲಾ ಕ್ಯಾಮೆರಾನೂ ಓಡ್ತಿರತ್ತೆ.

ವೈಫೈದು ಬಾಡಿಗೆ ಮನೆಗೆ ಸರಿ, ಖಾಲಿ ಮಾಡುವಾಗ ಬಿಚ್ಕೊಂಡು ಹೋಗ್ಬೋದು. ಆದ್ರೆ ರೆಕಾರ್ಡಿಂಗ್ ಬರೀ ಒಳಗಿನ ಮೆಮೊರಿ ಕಾರ್ಡಲ್ಲಿದ್ರೆ, ಕಳ್ಳ ಕ್ಯಾಮೆರಾನೇ ಕಿತ್ಕೊಂಡು ಹೋದ್ರೆ ಸಾಕ್ಷಿನೂ ಅವನ ಜೇಬಲ್ಲೇ! ಡಬ್ಬಾನೂ ಅಷ್ಟೇ, ಹಾಲಲ್ಲಿ ಟೀವಿ ಪಕ್ಕ ಇಡ್ಬೇಡ, ಬೀಗ ಹಾಕೋ ಕಪಾಟಲ್ಲಿಡು, ಗಾಳಿ ಮಾತ್ರ ಆಡ್ಬೇಕು.

ಎಲ್ರೂ ಎಡವೋದು ಹಾರ್ಡ್ ಡಿಸ್ಕಲ್ಲಿ. ಒಂದು ಕ್ಯಾಮೆರಾ 4 ಎಂಬಿಪಿಎಸಲ್ಲಿ (ಸೆಕೆಂಡಿಗೆ 4 ಮೆಗಾಬಿಟ್) ದಿನವಿಡೀ ಬರೆದ್ರೆ ಸುಮಾರು 43 ಜಿಬಿ, ನಾಲ್ಕಕ್ಕೆ 170 ದಾಟತ್ತೆ, ಅಂದ್ರೆ 2 ಟಿಬಿ ಹನ್ನೊಂದು ದಿನಕ್ಕೆ ತುಂಬ್ಕೊಂಡು ಹಳೇದು ಅಳಿಸ್ಕೊಂಡು ಹೋಗತ್ತೆ. ನಾವು ದಸರಾಗೆ ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದಾಗ ಗೇಟ್ ಹತ್ರ ಸೈಕಲ್ ಇರ್ಲಿಲ್ಲ, ಹೋದ ದಿನದ ವಿಡಿಯೋನೂ ಇರ್ಲಿಲ್ಲ.

ಮುಂದೆ ಮೇಲ್ಗಡೆ ಮಹಡಿ ಕಟ್ಟೋ ಪ್ಲಾನ್ ಇದ್ರೆ ಎಂಟು ಚಾನೆಲ್‌ದೇ (ಎಂಟು ಕ್ಯಾಮೆರಾ ಹಾಕೋ ಡಬ್ಬಾ) ತಗೋ.