ಫೋನಿನ ಎಮರ್ಜೆನ್ಸಿ ಮಾಹಿತಿ: ಐಫೋನಲ್ಲಿ ಸಲೀಸು, ಆಂಡ್ರಾಯ್ಡಲ್ಲಿ ಹುಡುಕಾಟ

ರಾಯಚೂರಿನ ರಿಮ್ಸ್ ಆಸ್ಪತ್ರೆ ಇರಲಿ, ಕೊಪ್ಪಳದ ಕಿಮ್ಸ್ ಇರಲಿ, ಎಚ್ಚರ ತಪ್ಪಿದವರನ್ನು ಕ್ಯಾಜುವಾಲ್ಟಿಗೆ ತಂದರೆ ಎದುರಾಗುವ ಪ್ರಶ್ನೆಗಳು ಇವೇ: ಶುಗರ್ ಇದೆಯಾ, ಯಾವ ಮಾತ್ರೆ ನಡೀತಿದೆ, ಯಾವ ಔಷಧಿ ಆಗಿಬರಲ್ಲ? ಕರೆತಂದವರು ದಾರಿಹೋಕರಾದರೆ ಹೇಳುವವರೇ ಇಲ್ಲ. ಲಾಕ್ ತೆಗೆಯದೆ ಇದನ್ನೆಲ್ಲ ತೋರಿಸುವ ಸೌಲಭ್ಯ ಐಫೋನಿಗೆ 2014ರಲ್ಲಿ, ಆಂಡ್ರಾಯ್ಡಿಗೆ 2016ರಲ್ಲಿ ಬಂತು. ದುಡ್ಡು ಕೊಡಬೇಕಿಲ್ಲ, ಬೇರೆ ಆ್ಯಪ್ ಬೇಕಿಲ್ಲ. ಆದರೂ ತುಂಬಿಟ್ಟವರು ಅಪರೂಪ.

ಐಫೋನಿನದು ಚೆನ್ನಾಗಿದೆ. ಹೆಲ್ತ್ ಆ್ಯಪ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, 'ಮೆಡಿಕಲ್ ಐಡಿ'ಗೆ ಹೋಗಿ 'ಎಡಿಟ್' ಒತ್ತಬೇಕು. 'ಶೋ ವೆನ್ ಲಾಕ್ಡ್' ಆನ್ ಇಲ್ಲದಿದ್ದರೆ ತುಂಬಿದ್ದೆಲ್ಲ ವ್ಯರ್ಥ. ಹೊಸ ಮಾದರಿಗಳಲ್ಲಿ ಸೈಡ್ ಬಟನ್ ಮತ್ತು ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿಹಿಡಿದರೆ ಮೆಡಿಕಲ್ ಐಡಿ ಸಿಗುತ್ತದೆ.

ಆಂಡ್ರಾಯ್ಡಿನಲ್ಲಿ ಇದು ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನ 'ಸೇಫ್ಟಿ ಅಂಡ್ ಎಮರ್ಜೆನ್ಸಿ'ಯೊಳಗೆ ಇರುತ್ತದೆ. ಕಂಪನಿಗೊಂದು ಜಾಗ, ಇದೇ ದೊಡ್ಡ ಕೊರತೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಸರ್ಚ್‌ನಲ್ಲಿ 'ಎಮರ್ಜೆನ್ಸಿ' ಎಂದು ಟೈಪ್ ಮಾಡಿ. ನೋಡುವವರು ಪಿನ್ ಕೇಳುವ ಪರದೆಯ ಕೆಳಗಿನ 'ಎಮರ್ಜೆನ್ಸಿ' ಒತ್ತಬೇಕು.

ಹೆಚ್ಚಿನವರು ಬ್ಲಡ್ ಗ್ರೂಪ್ ತುಂಬಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ಫೋನ್ ನಂಬಿ ಯಾರೂ ರಕ್ತ ಹಾಕುವುದಿಲ್ಲ. ಆಸ್ಪತ್ರೆಯವರು ಸಾಮಾನ್ಯವಾಗಿ ಗ್ರೂಪ್ ಪರೀಕ್ಷಿಸಿ, ಕ್ರಾಸ್ ಮ್ಯಾಚ್ (ಎರಡೂ ರಕ್ತ ಹೊಂದುತ್ತವೆಯೇ ಎಂಬ ಪರೀಕ್ಷೆ) ಮಾಡಿಯೇ ಕೊಡುವುದು. ಜೀವ ಉಳಿಸುವ ಸಾಲು ಮಾತ್ರೆಗಳದು. ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ ಒಳಗಿನ ರಕ್ತಸ್ರಾವ ಬೇಗ ನಿಲ್ಲದು. ಇನ್ಸುಲಿನ್ ತಗೊಳ್ಳುವವರು ಶುಗರ್ ಇಳಿದೂ ಎಚ್ಚರ ತಪ್ಪಬಹುದು. ಫಿಟ್ಸ್ ಮಾತ್ರೆ, ಪೆನಿಸಿಲಿನ್ ಅಲರ್ಜಿ, ಪೇಸ್‌ಮೇಕರ್, ಬಸಿರು, ಇವೂ ಇರಲಿ. 'ಶುಗರ್ ಮಾತ್ರೆ' ಎಂದರೆ ಸಾಲದು. 'ಮೆಟ್‌ಫಾರ್ಮಿನ್ 500 ಎಂಜಿ, ದಿನಕ್ಕೆ 2' ಎಂದು ಬರೆಯಿರಿ. ಬ್ರ್ಯಾಂಡ್ ಹೆಸರುಗಳು ನೂರಾರು, ಔಷಧಿಯ ಮೂಲ ಹೆಸರೇ ಬೇಕು.

ಇದನ್ನು ಇಂಗ್ಲಿಷ್ ಅಕ್ಷರದಲ್ಲೇ ತುಂಬಿ. ರಾಯಚೂರಿನಿಂದ ಹೈದರಾಬಾದಿಗೋ ಕರ್ನೂಲಿಗೋ ಒಯ್ದರೆ ಅಲ್ಲಿ ಕನ್ನಡ ಓದುವವರು ಸಿಗುವ ಖಾತ್ರಿಯಿಲ್ಲ.

ಎಮರ್ಜೆನ್ಸಿ ಕಾಂಟ್ಯಾಕ್ಟ್ ಎರಡಾದರೂ ಇರಲಿ, ಒಬ್ಬರು ನಿಮ್ಮದೇ ಊರಿನಲ್ಲಿರುವವರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗಿ ಫೋನ್ ಎತ್ತಲಾಗದವರ ನಂಬರ್ ಒಂದನ್ನೇ ಇಟ್ಟರೆ ಪ್ರಯೋಜನವಿಲ್ಲ. ಹೆಸರಿನ ಜತೆ ಅಣ್ಣ, ಅತ್ತಿಗೆ ಎಂದು ಸಂಬಂಧವನ್ನೂ ಸೇರಿಸಿ. ಲಾಕ್ ಇದ್ದರೂ ಇದು ಯಾರಿಗೆ ಬೇಕಾದರೂ ಕಾಣುತ್ತದೆ, ಹಾಗಾಗಿ ಆಧಾರ್ ನಂಬರ್ ಬೇಡವೇ ಬೇಡ.

ತುಂಬಿದ ಮೇಲೆ ಫೋನ್ ಲಾಕ್ ಮಾಡಿ ಪಕ್ಕದ ಮನೆಯವರ ಕೈಗೆ ಕೊಡಿ, ಏನೂ ಹೇಳಿಕೊಡಬೇಡಿ. ಅವರಿಗೆ ಸಿಗದಿದ್ದರೆ ಲಾಕ್ ಪರದೆಯ ವಾಲ್‌ಪೇಪರ್ ಮೇಲೆಯೇ ಒಂದು ಸಾಲು ಬರೆದಿಡುವುದು ಲೇಸು. ಮಾತ್ರೆ ಬದಲಾದ ದಿನವೇ ತಿದ್ದಬೇಕು; ಹಳೆಯ ಪಟ್ಟಿ ಡಾಕ್ಟರ ದಾರಿ ತಪ್ಪಿಸುತ್ತದೆ.

ಪರದೆ ಒಡೆದರೆ, ಚಾರ್ಜ್ ಮುಗಿದರೆ ಇದ್ಯಾವುದೂ ಕೆಲಸಕ್ಕೆ ಬಾರದು. ಹಿರಿಯರ ಕೀಪ್ಯಾಡ್ ಫೋನಲ್ಲಂತೂ ಇಂಥ ಸೌಲಭ್ಯವನ್ನು ನೆಚ್ಚಿಕೊಳ್ಳಲಾಗದು. ಇದೇ ಮಾಹಿತಿಯ ನಾಲ್ಕು ಸಾಲುಗಳ ಚೀಟಿಯೊಂದು ಫೋನಿನ ಕವರ್ ಒಳಗೆ, ಇನ್ನೊಂದು ಜೇಬಿನ ಪರ್ಸಿನಲ್ಲಿ ಇರಲಿ.